ನೋಡುವ ಮೊದಲೇ ಎಚ್ಚರಿಸುವ ಸೇವೆಗಳು: ಯಾವುದನ್ನು ನಂಬಬಹುದು, ಯಾವುದು ಬರೀ ಹೆಸರಿಗೆ

ಮನಸ್ಸು ಮೆತ್ತಗಿರುವವರು ಎಲ್ಲಕ್ಕೂ ಹೆದರುತ್ತಾರೆ ಅನ್ನುವುದು ತಪ್ಪು. ಯುದ್ಧದ ಸಿನಿಮಾವನ್ನು ಊಟ ಮಾಡುತ್ತಾ ನೋಡುವವರೇ ನಾಯಿಗೆ ಪೆಟ್ಟು ಬೀಳುವ ದೃಶ್ಯ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ವಿಡಿಯೊ ನೋಡಿ ಏನೂ ಆಗದವರಿಗೆ ಮಗುವೊಂದು ಬಿಕ್ಕಿ ಅಳುವ ಸದ್ದು ತಡೆಯಲಾಗುವುದಿಲ್ಲ. ಹೀಗಿರುವಾಗ ‘ಇದರಲ್ಲಿನ ಕೆಲವು ದೃಶ್ಯಗಳು ನಿಮ್ಮ ಮನಸ್ಸನ್ನು ಕಲಕಬಹುದು’ ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಏನಿದೆ, ಎಷ್ಟನೆಯ ನಿಮಿಷದಲ್ಲಿದೆ, ಎಷ್ಟು ಹೊತ್ತು ಇದೆ, ನಟನೆಯೋ ನಿಜವಾಗಿ ನಡೆದದ್ದೋ, ಸದ್ದು ಹೇಗಿದೆ: ಈ ಐದು ಗೊತ್ತಾದರೆ ನೋಡಬೇಕೋ ಬೇಡವೋ ಎಂದು ತೀರ್ಮಾನಿಸಲು ಅರ್ಧ ನಿಮಿಷ ಸಾಕು. ಇವುಗಳಲ್ಲಿ ಎಷ್ಟಕ್ಕೆ ಉತ್ತರ ಸಿಗುತ್ತದೆ ಎಂಬುದೇ ಇಲ್ಲಿ ಒಂದೊಂದು ಸೇವೆಯನ್ನೂ ಅಳೆಯುವ ಅಳತೆಗೋಲು.

ಬರೀ ಎಚ್ಚರಿಕೆ ಯಾಕೆ ಸಾಲದು ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. ಮನಶ್ಶಾಸ್ತ್ರ ಸಂಶೋಧಕಿ ವಿಕ್ಟೋರಿಯಾ ಬ್ರಿಡ್ಜ್‌ಲ್ಯಾಂಡ್ ಮತ್ತು ಸಂಗಡಿಗರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಎಚ್ಚರಿಕೆ ಓದಿದವರಿಗೆ ನೋಡುವ ಮುಂಚಿನ ಆತಂಕ ಹೆಚ್ಚಿತು, ನೋಡಿದ ಮೇಲಿನ ಸಂಕಟ ಮಾತ್ರ ಕಡಿಮೆಯಾಗಲಿಲ್ಲ. ಎಚ್ಚರಿಕೆ ಇದೆಯೆಂದು ಜನ ನೋಡದೆ ಬಿಟ್ಟದ್ದೂ ಕಾಣಲಿಲ್ಲ. ಇದನ್ನು ಓದಿ ಎಚ್ಚರಿಕೆಗಳೇ ದಂಡ ಎಂದು ವಾದಿಸುವವರಿದ್ದಾರೆ. ನನ್ನ ಮಟ್ಟಿಗೆ ಅರ್ಥ ಬೇರೆ. ಎಚ್ಚರಿಕೆ ಮನಸ್ಸನ್ನು ಗಟ್ಟಿ ಮಾಡುವುದಿಲ್ಲ, ಆದ್ದರಿಂದ ಅದರಿಂದ ನಿರೀಕ್ಷಿಸಬೇಕಾದದ್ದು ಮಾಹಿತಿಯನ್ನು ಮಾತ್ರ. ಮಾಹಿತಿಯಿಲ್ಲದ ಎಚ್ಚರಿಕೆ ಎದೆಬಡಿತವನ್ನಷ್ಟೇ ಹೆಚ್ಚಿಸುತ್ತದೆ.

ಸಿನಿಮಾ ಮತ್ತು ಧಾರಾವಾಹಿಗಳ ಮಟ್ಟಿಗೆ ಈ ಅಳತೆಗೋಲಿಗೆ ಅತಿ ಹತ್ತಿರ ಬರುವುದು ‘ಡಸ್ ದ ಡಾಗ್ ಡೈ’ ಎಂಬ ಜಾಲತಾಣ. 2010ರಲ್ಲಿ ‘ಕೊನೆಗೆ ನಾಯಿ ಸಾಯುತ್ತದೆಯೇ?’ ಎಂಬ ಒಂದೇ ಪ್ರಶ್ನೆಯಿಂದ ಶುರುವಾದದ್ದು ಈಗ 200ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಬೆಳೆದಿದೆ. ಬೆಕ್ಕು ಸಾಯುತ್ತದೆಯೇ, ತಂದೆ ಅಥವಾ ತಾಯಿ ಸಾಯುತ್ತಾರೆಯೇ, ಯಾರಾದರೂ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆಯೇ, ಸೂಜಿ ಚುಚ್ಚುವುದನ್ನು ತೋರಿಸುತ್ತಾರೆಯೇ, ಯಾರಾದರೂ ವಾಂತಿ ಮಾಡುತ್ತಾರೆಯೇ, ಬೆಚ್ಚಿಬೀಳಿಸುವ ದೃಶ್ಯ ಇದೆಯೇ, ಬೆಳಕು ಮಿನುಗುತ್ತದೆಯೇ, ಕೊನೆ ದುಃಖದ್ದೇ. ಉತ್ತರ ಕೊಡುವವರು ನೋಡಿ ಬಂದ ಸಾಮಾನ್ಯ ಜನ. ಪ್ರತಿ ಪ್ರಶ್ನೆಯ ಎದುರು ಹೌದು ಎಂದವರು ಎಷ್ಟು, ಇಲ್ಲ ಎಂದವರು ಎಷ್ಟು ಎಂಬ ಎರಡು ಅಂಕಿ, ಕೆಳಗೆ ಕಾಮೆಂಟ್‌ಗಳು. ಬಳಸಲು ದುಡ್ಡು ಕೊಡಬೇಕಿಲ್ಲ. ಖಾತೆ ತೆರೆದರೆ ನಿಮಗೆ ಬೇಕಾದ ಪ್ರಶ್ನೆಗಳನ್ನು ಪಿನ್ ಮಾಡಿಟ್ಟುಕೊಳ್ಳಬಹುದು. ಇದನ್ನು ಮೊದಲ ದಿನವೇ ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲವೂ ಇನ್ನೂರು ಪ್ರಶ್ನೆಗಳ ಪಟ್ಟಿಯನ್ನು ಜಾಲಾಡಬೇಕು, ನಿಮಗೆ ಸಂಬಂಧವೇ ಇಲ್ಲದ ಘೋರಗಳ ಹೆಸರನ್ನೆಲ್ಲ ಓದುತ್ತಾ.

ಅಂಕಿಗಳನ್ನು ಓದುವುದಕ್ಕೂ ಒಂದು ಕ್ರಮ ಬೇಕು, ಅವಸರದಲ್ಲಿ ಮೋಸಹೋಗುವುದು ಇಲ್ಲೇ. ‘ಹೌದು’ ಎಂದು ಮೂರೇ ಮಂದಿ ಹೇಳಿದ್ದರೂ ನಂಬಬಹುದು, ಯಾಕೆಂದರೆ ಅವರು ಆ ದೃಶ್ಯವನ್ನು ಕಂಡಿದ್ದಾರೆ. ‘ಇಲ್ಲ’ ಎಂದು ಮೂರೇ ಮಂದಿ ಹೇಳಿದ್ದರೆ ಅದಕ್ಕೆ ಅಷ್ಟು ಬೆಲೆಯಿಲ್ಲ. ಎರಡು ಗಂಟೆಯ ಚಿತ್ರದಲ್ಲಿ ನಾಲ್ಕು ಸೆಕೆಂಡಿನ ಸೂಜಿ ಅವರ ಗಮನಕ್ಕೇ ಬಂದಿರಲಿಕ್ಕಿಲ್ಲ, ಸೂಜಿಗೆ ಹೆದರದವರಿಗೆ ಅದು ನೆನಪಿರುವ ಸಂಗತಿಯೂ ಅಲ್ಲ. ಮತಗಳು ಹೆಚ್ಚುಕಡಿಮೆ ಸಮಸಮ ಇದ್ದರೆ ಬಹುತೇಕ ಸಲ ಅದರರ್ಥ ಒಂದೇ: ಘಟನೆ ನಡೆಯುತ್ತದೆ, ಆದರೆ ತೆರೆಯ ಮೇಲೆ ಕಾಣುವುದಿಲ್ಲ. ಸದ್ದು ಮಾತ್ರ ಕೇಳಿಸುತ್ತದೆ, ಇಲ್ಲವೇ ಪಾತ್ರವೊಂದು ಅದನ್ನು ಬಾಯಿಮಾತಿನಲ್ಲಿ ಹೇಳುತ್ತದೆ. ಆಗ ಕಾಮೆಂಟ್ ಓದಲೇಬೇಕು. ಒಳ್ಳೆಯ ಕಾಮೆಂಟ್‌ಗಳಲ್ಲಿ ದೃಶ್ಯ ಶುರುವಾಗುವ ಮುನ್ನ ಬರುವ ಮಾತು ಅಥವಾ ನಿಮಿಷ ಇರುತ್ತದೆ, ಎಲ್ಲಿಂದ ಎಲ್ಲಿಗೆ ಹಾರಿದರೆ ಸಾಕು ಎಂಬುದೂ ಇರುತ್ತದೆ. ಒಂದು ಎಚ್ಚರ: ಆ ನಿಮಿಷದ ಲೆಕ್ಕ ಒಂದು ಆವೃತ್ತಿಯದ್ದು. ಚಿತ್ರಮಂದಿರದ ಪ್ರತಿ, ಟಿವಿಗೆ ಕತ್ತರಿಸಿದ ಪ್ರತಿ, ಮುಂದೆ ಜಾಹೀರಾತು ಸೇರಿದ ಪ್ರತಿ ಮೂರರಲ್ಲೂ ಸಮಯ ಹಿಂದೆಮುಂದೆ ಆಗುತ್ತದೆ. ಹೇಳಿದ ನಿಮಿಷಕ್ಕಿಂತ ಮುಂಚೆಯೇ ಕೈ ರಿಮೋಟ್ ಮೇಲಿರಲಿ.

ಇದರ ಕೊರತೆಗಳೂ ಸಣ್ಣವಲ್ಲ. ಹೌದು-ಇಲ್ಲ ಎಂಬ ಉತ್ತರದಲ್ಲಿ ತೀವ್ರತೆ ಕಾಣುವುದಿಲ್ಲ. ದೂರದಲ್ಲಿ ನಾಯಿಯೊಂದು ಬೀಳುವುದೂ ಹತ್ತು ನಿಮಿಷದ ಸಾವಿನ ದೃಶ್ಯವೂ ಅಲ್ಲಿ ಒಂದೇ. ಹಲವು ಸೀಸನ್‌ಗಳ ಧಾರಾವಾಹಿಗೆ ಒಂದೇ ‘ಹೌದು’ ಇದ್ದರೆ ಅದು ಯಾವ ಕಂತಿನ ಮಾತು ಎಂದು ಕಾಮೆಂಟ್‌ನಲ್ಲಿ ಹುಡುಕಬೇಕು. ಇಂಗ್ಲಿಷಿನ ದೊಡ್ಡ ಚಿತ್ರಗಳಿಗೆ ಮತಗಳ ರಾಶಿಯೇ ಇರುತ್ತದೆ, ಬೇರೆ ಭಾಷೆಯ ಮತ್ತು ಸಣ್ಣ ಚಿತ್ರಗಳ ಪುಟ ಖಾಲಿ ಹೊಡೆಯುತ್ತಿರುತ್ತದೆ. ಕಥೆಯ ಗುಟ್ಟು ಬಯಲಾಗುವುದಂತೂ ತಪ್ಪುವುದಿಲ್ಲ. ಅದು ಬೇಡವೆನ್ನುವವರು ತಮ್ಮನ್ನು ಬಲ್ಲ ಸ್ನೇಹಿತರಿಗೆ ಪುಟ ಓದಲು ಹೇಳಿ, ‘ನೋಡು’ ಅಥವಾ ‘ಬೇಡ’ ಎಂಬ ಒಂದೇ ಮಾತನ್ನು ಕೇಳಿ ಪಡೆಯುವುದು ಒಳ್ಳೆಯದು.

ತೀವ್ರತೆ ತಿಳಿಯಬೇಕಾದಾಗ ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯ ‘ಪೇರೆಂಟ್ಸ್ ಗೈಡ್’ ನೆರವಿಗೆ ಬರುತ್ತದೆ. ಹೆಸರು ಪೋಷಕರದ್ದಾದರೂ ದೊಡ್ಡವರಿಗೂ ಅದೇ ಉಪಯೋಗ. ಐದು ವಿಭಾಗಗಳು: ಲೈಂಗಿಕತೆ ಮತ್ತು ನಗ್ನತೆ, ಹಿಂಸೆ ಮತ್ತು ರಕ್ತಪಾತ, ಬೈಗುಳ, ಮದ್ಯ-ಮಾದಕವಸ್ತು-ಧೂಮಪಾನ, ಭಯಾನಕ ಹಾಗೂ ತೀವ್ರ ದೃಶ್ಯಗಳು. ಪ್ರತಿಯೊಂದಕ್ಕೂ ‘ಇಲ್ಲ’ದಿಂದ ‘ಅತಿ’ಯವರೆಗೆ ನಾಲ್ಕು ಹಂತದ ಮತ, ಕೆಳಗೆ ದೃಶ್ಯಗಳ ವಿವರ. ರಕ್ತ ಎಷ್ಟು ಕಾಣುತ್ತದೆ, ಗಾಯವನ್ನು ಹತ್ತಿರದಿಂದ ತೋರಿಸುತ್ತಾರೆಯೇ ಎಂಬುದು ಇಲ್ಲಿ ಸಿಗುವಷ್ಟು ನಿಖರವಾಗಿ ಬೇರೆಲ್ಲೂ ಸಿಗುವುದಿಲ್ಲ. ಹಂತದ ಮತವನ್ನು ಮಾತ್ರ ಪೂರ್ತಿ ನಂಬಬೇಡಿ. ಭಯಾನಕ ಚಿತ್ರಗಳ ಪುಟದಲ್ಲಿ ಮತ ಹಾಕಿದವರಲ್ಲಿ ಹೆಚ್ಚಿನವರು ಅಂಥ ಚಿತ್ರಗಳನ್ನು ಹುಡುಕಿಕೊಂಡು ಹೋಗುವವರೇ, ಅವರ ‘ಸಾಧಾರಣ’ ನಿಮ್ಮ ‘ಅತಿ’ ಆಗಿರಬಹುದು. ಇನ್ನೊಂದು ದೋಷ ವಿಭಾಗಗಳ ವಿಂಗಡಣೆಯಲ್ಲೇ ಇದೆ: ಅಮ್ಮನಿಗೆ ಕ್ಯಾನ್ಸರ್, ಅಜ್ಜನ ಮರೆವಿನ ಕಾಯಿಲೆ, ಗರ್ಭಪಾತ, ಮುರಿದ ಮದುವೆ ಇವುಗಳಿಗೆ ಈ ಐದರಲ್ಲಿ ಸರಿಯಾದ ಜಾಗವೇ ಇಲ್ಲ. ಹನಿ ರಕ್ತವಿಲ್ಲದ, ಬೈಗುಳವಿಲ್ಲದ ಚಿತ್ರಕ್ಕೆ ಎಲ್ಲ ಕಡೆ ‘ಇಲ್ಲ’ ಬಿದ್ದಿರುತ್ತದೆ, ನೋಡಿದವರು ವಾರಗಟ್ಟಲೆ ಮಂಕಾಗಿರುತ್ತಾರೆ. ಬೈಗುಳಗಳನ್ನು ಒಂದೊಂದಾಗಿ ಎಣಿಸಿ ಬರೆಯುವ ಪುಣ್ಯಾತ್ಮರಿಗೆ ಮಾತ್ರ ಅಲ್ಲಿ ಬರವಿಲ್ಲ.

ಬ್ರಿಟನ್ನಿನ ಬಿಬಿಎಫ್‌ಸಿ 1912ರಲ್ಲಿ ಸ್ಥಾಪನೆಯಾದ, ಚಿತ್ರಗಳಿಗೆ ವಯಸ್ಸಿನ ವರ್ಗ ಕೊಡುವ ಸಂಸ್ಥೆ. ಅದರ ತಾಣದಲ್ಲಿ ಚಿತ್ರದ ಹೆಸರು ಹಾಕಿದರೆ ವರ್ಗದ ಜೊತೆಗೆ ಆ ವರ್ಗ ಯಾಕೆ ಎಂಬ ಟಿಪ್ಪಣಿಯೂ ಸಿಗುತ್ತದೆ. ಇಲ್ಲಿ ಬರೆಯುವವರು ತರಬೇತಿ ಪಡೆದವರು, ಆದ್ದರಿಂದ ಭಾಷೆ ತೂಕದ್ದು. ‘ಹಿಂಸೆ’ ಮತ್ತು ‘ಗಾಯದ ವಿವರ’ ಬೇರೆ ಬೇರೆ ಸಾಲಿನಲ್ಲಿರುವುದು ರಕ್ತ ಕಂಡರೆ ತಲೆ ತಿರುಗುವವರಿಗೆ ದೊಡ್ಡ ಅನುಕೂಲ, ಹೊಡೆದಾಟ ಇದ್ದೂ ಗಾಯ ತೋರಿಸದ ಚಿತ್ರವನ್ನು ಆರಿಸಿಕೊಳ್ಳಬಹುದು. ನಿಮಿಷದ ಲೆಕ್ಕ ಇರುವುದಿಲ್ಲ. 2003ರಲ್ಲಿ ಶುರುವಾದ ‘ಕಾಮನ್ ಸೆನ್ಸ್ ಮೀಡಿಯಾ’ ಎಂಬ ತಾಣ ಮಕ್ಕಳಿಗೆ ತೋರಿಸುವ ಮುನ್ನ ನೋಡಲು ಚೆನ್ನಾಗಿದೆ. ದೊಡ್ಡವರ ಸಂಕಟಕ್ಕೆ ಅದು ಬರೆದದ್ದಲ್ಲ.

ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಚಿತ್ರ ಶುರುವಾದಾಗ ಮೂಲೆಯಲ್ಲಿ ವಯಸ್ಸಿನ ವರ್ಗ ಮತ್ತು ಎರಡು-ಮೂರು ಪದಗಳನ್ನು ಕೆಲವು ಸೆಕೆಂಡು ತೋರಿಸಿ ಮರೆಮಾಡುತ್ತವೆ. ಅಷ್ಟರಿಂದ ತೀರ್ಮಾನ ಆಗದು. ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಎರಡು ಸೌಲಭ್ಯ ಸೆಟ್ಟಿಂಗ್ಸ್‌ನೊಳಗೆ ಅಡಗಿವೆ. ಒಂದು, ಪಟ್ಟಿಯ ಮೇಲೆ ಹೋಗುತ್ತಿದ್ದಂತೆ ತುಣುಕುಗಳು ತಾವಾಗಿ ಓಡುವುದನ್ನು ನಿಲ್ಲಿಸುವುದು. 2020ರಿಂದ ಇದಕ್ಕೆ ಅವಕಾಶವಿದೆ: ಬ್ರೌಸರ್‌ನಲ್ಲಿ ಖಾತೆ ತೆರೆದು, ನಿಮ್ಮ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಆಟೊಪ್ಲೇಯ ಎರಡು ಗುರುತುಗಳನ್ನೂ ತೆಗೆಯಿರಿ. ಒಂದು ಮುಂದಿನ ಕಂತಿನದು, ಇನ್ನೊಂದು ತುಣುಕುಗಳದು. ಟಿವಿಯಲ್ಲಿ ಬದಲಾವಣೆ ಕಾಣದಿದ್ದರೆ ಬೇರೆ ಪ್ರೊಫೈಲ್‌ಗೆ ಹೋಗಿ ಮರಳಿ ಬನ್ನಿ. ಎರಡನೆಯದು, ನಿರ್ದಿಷ್ಟ ಚಿತ್ರವನ್ನು ಹೆಸರು ಹಾಕಿ ಪ್ರೊಫೈಲ್‌ನಿಂದ ಮರೆಮಾಡುವುದು. ಮಕ್ಕಳಿಗೆಂದು ಮಾಡಿದ ಸೌಲಭ್ಯವಾದರೂ ಪೋಸ್ಟರ್ ಕಂಡರೇ ಮೈ ಜುಮ್ಮೆನ್ನುವ ದೊಡ್ಡವರು ನಾಚಿಕೆಯಿಲ್ಲದೆ ಬಳಸಬಹುದು.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ನಟನೆಯ ಚಿತ್ರಕ್ಕೆ ಪುಟವಿದೆ, ಮತವಿದೆ. ಸಾಮಾಜಿಕ ಮಾಧ್ಯಮದ ಫೀಡ್‌ನಲ್ಲಿ ಬಂದು ಬೀಳುವ ನಿಜ ಘಟನೆಯ ತುಣುಕಿಗೆ ಅಂಥದ್ದೊಂದೂ ಇಲ್ಲ. ಇರುವುದು ವೇದಿಕೆ ಹಾಕುವ ಬ್ಲರ್ ಪರದೆ ಮಾತ್ರ. ಅದನ್ನೊಮ್ಮೆ ಸರಿಯಾಗಿ ಗಮನಿಸಿ: ಮಸುಕು ಬಣ್ಣಗಳ ಮೇಲೆ ಗೆರೆ ಎಳೆದ ಕಣ್ಣಿನ ಚಿತ್ರ, ‘ಸೂಕ್ಷ್ಮ ವಿಷಯ’ ಎಂಬರ್ಥದ ಒಂದು ಸಾಲು, ಕೆಳಗೆ ನೋಡಲು ಒತ್ತುವ ಗುಂಡಿ. ಮನುಷ್ಯನೋ ಪ್ರಾಣಿಯೋ, ರಕ್ತವೋ ನಗ್ನತೆಯೋ, ಸಾವು ಇದೆಯೋ ಇಲ್ಲವೋ, ಬಹುತೇಕ ಸಲ ಯಾವುದೂ ಇರುವುದಿಲ್ಲ. ಐದರಲ್ಲಿ ಒಂದು ಪ್ರಶ್ನೆಗೂ ಉತ್ತರವಿಲ್ಲದೆ ಕುತೂಹಲವನ್ನಷ್ಟೇ ಕೆರಳಿಸುವ ಈ ಪರದೆ ಎಲ್ಲಕ್ಕಿಂತ ಕಳಪೆ. ಸಾಲದ್ದಕ್ಕೆ ಅದೇ ತುಣುಕನ್ನು ಇನ್ನೊಬ್ಬರು ಮರುಹಾಕಿದಾಗ ಅದರ ಮೇಲೆ ಪರದೆ ಇರುತ್ತದೆಂಬ ಖಾತ್ರಿಯೂ ಇಲ್ಲ.

ಹಾಗಾಗಿ ಪರದೆ ಬಂದಾಗ ಗುಂಡಿಯ ಬದಲು ಕಾಮೆಂಟ್ ತೆರೆಯಿರಿ. ಮೊದಲ ಹತ್ತು ಕಾಮೆಂಟ್‌ಗಳಲ್ಲಿ ಏನಾಯಿತೆಂದು ಯಾರಾದರೂ ಹೇಳಿಯೇ ಇರುತ್ತಾರೆ. ಸುದ್ದಿಯಾಗಿದ್ದರೆ ಎರಡು ಪದ ಹಾಕಿ ಬರಹದ ವರದಿ ಹುಡುಕಿ. ಯೂಟ್ಯೂಬ್‌ನಲ್ಲಿ ಇನ್ನೂ ಒಳ್ಳೆಯ ದಾರಿಯಿದೆ. ಕಂಪ್ಯೂಟರ್‌ನಲ್ಲಿ ವಿಡಿಯೊ ತೆರೆದ ಕೂಡಲೇ ನಿಲ್ಲಿಸಿ, ವಿವರಣೆಯನ್ನು ಬಿಡಿಸಿ ‘ಶೋ ಟ್ರಾನ್‌ಸ್ಕ್ರಿಪ್ಟ್’ ಒತ್ತಿ. ಮಾತೆಲ್ಲ ಸಮಯದ ಸಮೇತ ಬರಹವಾಗಿ ಬರುತ್ತದೆ. ಸಾಕ್ಷ್ಯಚಿತ್ರ, ಸುದ್ದಿ, ಅಪರಾಧ ಕಥನಗಳಿಗೆ ಇದೊಂದೇ ಸಾಕು. ಆಮೇಲೆ ವಿಡಿಯೊದ ಕೆಳಗಂಚಿನ ಸಮಯದ ಪಟ್ಟಿಯ ಮೇಲೆ ಮೌಸ್ ಸರಿಸಿದರೆ ಸದ್ದಿಲ್ಲದ ಪುಟ್ಟ ಚಿತ್ರಗಳು ಕಾಣುತ್ತವೆ, ಎಲ್ಲಿ ಏನಿದೆಯೆಂದು ಅಂದಾಜು ಸಿಗುತ್ತದೆ. ಮಾತಿಲ್ಲದ ತುಣುಕಿಗೆ ಟ್ರಾನ್‌ಸ್ಕ್ರಿಪ್ಟ್ ಕೆಲಸ ಮಾಡುವುದಿಲ್ಲ, ಪುಟ್ಟ ಚಿತ್ರಗಳೇ ಗತಿ. ‘ರಿಸ್ಟ್ರಿಕ್ಟೆಡ್ ಮೋಡ್’ ಬಗ್ಗೆ ಹೆಚ್ಚು ಆಸೆ ಬೇಡ. ಅದು ಒರಟು ಜರಡಿ, ಕೆಟ್ಟದ್ದು ಕೆಲವು ನುಸುಳುತ್ತದೆ, ಒಳ್ಳೆಯದೂ ಕೆಲವು ಸಿಕ್ಕಿಬೀಳುತ್ತದೆ. ಮೇಲಾಗಿ ಅದನ್ನು ಹಾಕಿದರೆ ಕಾಮೆಂಟ್‌ಗಳೇ ಮಾಯ, ಅಂದರೆ ಮುಂಗಡ ಮಾಹಿತಿ ಸಿಗುವ ಬಾಗಿಲೂ ಮುಚ್ಚಿತು.

ಆಟೊಪ್ಲೇ ನಿಲ್ಲಿಸದೆ ಇದ್ಯಾವುದೂ ನಡೆಯುವುದಿಲ್ಲ, ಯಾಕೆಂದರೆ ತೀರ್ಮಾನಿಸುವ ಮೊದಲೇ ವಿಡಿಯೊ ಕಣ್ಣಮುಂದೆ ಓಡಿರುತ್ತದೆ. ಫೇಸ್‌ಬುಕ್‌ನಲ್ಲಿ ಸೆಟ್ಟಿಂಗ್ಸ್‌ನ ಮೀಡಿಯಾ ವಿಭಾಗದಲ್ಲಿ ‘ನೆವರ್ ಆಟೊಪ್ಲೇ’ ಇದೆ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಡೇಟಾ ಬಳಕೆಯ ಕೆಳಗೆ ಆಟೊಪ್ಲೇಗೆ ‘ನೆವರ್’ ಕೊಡಿ, ಖಾಸಗಿತನದ ವಿಭಾಗದಲ್ಲಿ ಸೂಕ್ಷ್ಮ ಮಾಧ್ಯಮ ತೋರಿಸುವ ಗುರುತು ಬಿದ್ದಿದ್ದರೆ ತೆಗೆಯಿರಿ. ಯೂಟ್ಯೂಬ್‌ನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ: ಮುಂದಿನ ವಿಡಿಯೊ ತಾನಾಗಿ ಶುರುವಾಗುವುದು ಮತ್ತು ಪಟ್ಟಿಯಲ್ಲೇ ಸದ್ದಿಲ್ಲದೆ ಓಡುವುದು. ಹಲವರು ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಮರೆಯುತ್ತಾರೆ. ಇನ್‌ಸ್ಟಾಗ್ರಾಮ್ 2021ರಲ್ಲಿ ಸೂಕ್ಷ್ಮ ವಿಷಯದ ನಿಯಂತ್ರಣ ತಂದಿತು, ಅದನ್ನು ‘ಲೆಸ್’ಗೆ ಇಡಿ. ಆದರೆ ಅದು ನೀವು ಫಾಲೋ ಮಾಡದವರಿಂದ ಬರುವ ಶಿಫಾರಸುಗಳಿಗೆ ಸಂಬಂಧಿಸಿದ್ದು. ಬೆರಳು ಸರಿಸಿದ ಕೂಡಲೇ ಮುಂದಿನದು ಓಡುವ ರೀಲ್ಸ್‌ನ ಸ್ವಭಾವವೇ ಹಾಗಿರುವುದರಿಂದ, ದೊಡ್ಡ ಅನಾಹುತವೊಂದು ಸುದ್ದಿಯಲ್ಲಿರುವ ದಿನಗಳಲ್ಲಿ ಆ ಕಡೆ ಹೋಗದಿರುವುದೇ ಮೇಲು. ಎಲ್ಲರೂ ಮರೆಯುವುದು ವಾಟ್ಸ್‌ಆ್ಯಪ್: ಗುಂಪಿಗೆ ಯಾರೋ ಹಾಕಿದ ಅಪಘಾತದ ವಿಡಿಯೊ ತಾನಾಗಿ ಇಳಿದು ಮನೆಯ ಫೋಟೊಗಳ ನಡುವೆ ಕೂತಿರುತ್ತದೆ. ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ತಾನಾಗಿ ಇಳಿಯುವ ಪಟ್ಟಿಯಿಂದ ವಿಡಿಯೊ ತೆಗೆಯಿರಿ, ಗ್ಯಾಲರಿಯಲ್ಲಿ ಕಾಣಿಸುವ ಆಯ್ಕೆಯನ್ನೂ ಆಫ್ ಮಾಡಿ.

ಒಂದು ವಿಡಿಯೊ ನೋಡುವುದಕ್ಕೂ ಒಂದೇ ಘಟನೆಯನ್ನು ದಿನವಿಡೀ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. 2013ರ ಬೋಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4,675 ಮಂದಿಯನ್ನು ಕೇಳಿದ್ದರು. ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಮಿಕ್ಕಿ ಆ ಸುದ್ದಿ ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಸ್ಫೋಟದ ಬಿಸಿ ನೇರವಾಗಿ ತಟ್ಟಿದವರಿಗಿಂತ ಹೆಚ್ಚು ಕಂಡವು. ಮೊದಲೇ ಕಂಗೆಟ್ಟವರು ಹೆಚ್ಚು ನೋಡಿರಬಹುದು ಎಂಬ ಪ್ರಶ್ನೆ ಉಳಿಯುತ್ತದೆ, ನಿಜ. ಆದರೂ ಎರಡನೆಯ ಸಲ ನೋಡಿದಾಗ ಹೊಸ ಮಾಹಿತಿ ಏನೂ ಸಿಗುವುದಿಲ್ಲ ಎಂಬುದನ್ನು ತಿಳಿಯಲು ಅಧ್ಯಯನ ಬೇಕಿಲ್ಲ.

ಕೆಲಸದ ಕಾರಣಕ್ಕೆ, ಸಾಕ್ಷ್ಯ ಪರಿಶೀಲನೆಗೆ, ತನ್ನದೇ ಕುಟುಂಬಕ್ಕೆ ಸಂಬಂಧಿಸಿದ ಘಟನೆಯಾದ್ದರಿಂದ ನೋಡಲೇಬೇಕಾದವರು ಇರುತ್ತಾರೆ. ಅಂಥವರಿಗೆ ಪತ್ರಕರ್ತರ ಆಘಾತದ ಬಗ್ಗೆ ಕೆಲಸ ಮಾಡುವ ಡಾರ್ಟ್ ಸೆಂಟರ್ ಕೊಡುವಂಥ ಸಲಹೆಗಳು ಯಾವ ಆ್ಯಪ್‌ಗಿಂತಲೂ ಉಪಯುಕ್ತ. ಮೊದಲು ಸದ್ದು ತೆಗೆಯಿರಿ. ಚಿತ್ರಕ್ಕಿಂತ ಕೂಗು ಹೆಚ್ಚು ಕಾಡುತ್ತದೆ, ಬೇಕೇಬೇಕಾದ ಭಾಗಕ್ಕೆ ಮಾತ್ರ ಆಮೇಲೆ ಹಾಕಿಕೊಳ್ಳಬಹುದು. ಪೂರ್ಣ ಪರದೆಯಲ್ಲಿ ನೋಡದೆ ಕಿಟಕಿಯನ್ನು ಸಣ್ಣದು ಮಾಡಿ. ನೋಡಬೇಕಾದದ್ದು ಹಿನ್ನೆಲೆಯ ಕಟ್ಟಡವಾದರೆ ಮುಖದ ಜಾಗವನ್ನು ಕಾಗದದಿಂದ ಮುಚ್ಚಿ. ಫೋನನ್ನು ಕಪ್ಪು-ಬಿಳುಪಿಗೆ ತಿರುಗಿಸಿದರೆ ರಕ್ತ ಬೂದು ಕಲೆಯಾಗುತ್ತದೆ: ಐಫೋನ್‌ನಲ್ಲಿ ಆ್ಯಕ್ಸೆಸಿಬಿಲಿಟಿಯೊಳಗಿನ ‘ಕಲರ್ ಫಿಲ್ಟರ್ಸ್’ನಲ್ಲಿ ‘ಗ್ರೇಸ್ಕೇಲ್’, ಅದನ್ನೇ ಪಕ್ಕದ ಗುಂಡಿಯ ಮೂರು ಒತ್ತಿಗೆ ಜೋಡಿಸಿಡಬಹುದು. ಮಲಗುವ ಹೊತ್ತಿನಲ್ಲಿ, ಹಾಸಿಗೆಯ ಮೇಲೆ ಬೇಡ.

ರಕ್ತ ಅಥವಾ ಸೂಜಿ ಕಂಡು ತಲೆ ಸುತ್ತಿ ಬೀಳುವವರ ಸಮಸ್ಯೆ ಮನಸ್ಸಿನದಷ್ಟೇ ಅಲ್ಲ, ರಕ್ತದೊತ್ತಡ ಥಟ್ಟನೆ ಇಳಿಯುವುದು ಕಾರಣ. ಇವರಿಗೆ ‘ಸಡಿಲವಾಗಿ ಕೂತು ಉಸಿರಾಡಿ’ ಎಂಬ ಸಲಹೆ ಹೊಂದುವುದಿಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ರೂಪಿಸಿದ ವಿಧಾನ ಇದಕ್ಕೆ ತದ್ವಿರುದ್ಧ: ಕುಳಿತು ತೋಳು, ಎದೆ, ಕಾಲುಗಳ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬಿಸಿಯಾಗುವವರೆಗೆ ಬಿಗಿಹಿಡಿಯಬೇಕು. ಬಿಟ್ಟು 20–30 ಸೆಕೆಂಡು ಸುಮ್ಮನಿರಬೇಕು. ಹೀಗೆ ಐದು ಸಲ. ಹೃದಯದ ಕಾಯಿಲೆ, ಅಧಿಕ ರಕ್ತದೊತ್ತಡ ಅಥವಾ ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳದೆ ಬೇಡ.

ಮಿನುಗುವ ಬೆಳಕು ಇನ್ನೊಂದು ದೇಹದ ಸಮಸ್ಯೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಎಂಬ ಕಾರ್ಟೂನ್ ಧಾರಾವಾಹಿಯ ಕಂತೊಂದರ ಕೆಂಪು-ನೀಲಿ ಮಿನುಗು ನೋಡಿ ಸುಮಾರು 685 ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದೆಂದು ವೆಬ್ ಮಾರ್ಗಸೂಚಿ ಹೇಳುತ್ತದೆ, ಪಾಲಿಸುವವರು ಕಡಿಮೆ. ಐಫೋನ್‌ನಲ್ಲಿ 2023ರಿಂದ ‘ಡಿಮ್ ಫ್ಲ್ಯಾಶಿಂಗ್ ಲೈಟ್ಸ್’ ಇದೆ, ಎಲ್ಲ ವಿಡಿಯೊಗಳಿಗೂ ಕೆಲಸ ಮಾಡುವುದಿಲ್ಲ. ಮಿನುಗು ಇದ್ದಕ್ಕಿದ್ದಂತೆ ಬಂದರೆ ಕಣ್ಣು ಮುಚ್ಚಬೇಡಿ, ಬೆಳಕು ರೆಪ್ಪೆಯ ಮೂಲಕವೂ ಹಾಯುತ್ತದೆ. ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ ಮುಖ ತಿರುಗಿಸಿ.

ಇಷ್ಟೆಲ್ಲ ಮಾಡಿಯೂ ಬೇಡದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮನಶ್ಶಾಸ್ತ್ರಜ್ಞೆ ಎಮಿಲಿ ಹೋಮ್ಸ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ ಘೋರ ದೃಶ್ಯಗಳನ್ನು ನೋಡಿ ಅರ್ಧ ಗಂಟೆಯ ನಂತರ ಹತ್ತು ನಿಮಿಷ ಟೆಟ್ರಿಸ್ (ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೊ ಆಟ) ಆಡಿದವರಿಗೆ ಮುಂದಿನ ವಾರ ಆ ಚಿತ್ರಗಳು ಕಣ್ಣಮುಂದೆ ನುಗ್ಗಿಬರುವುದು ಕಡಿಮೆಯಾಯಿತು. ಮರುವರ್ಷದ ಪ್ರಯೋಗದಲ್ಲಿ ಟೆಟ್ರಿಸ್ ಬದಲು ಪ್ರಶ್ನೋತ್ತರದ ಆಟ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಪ್ರಯೋಗಾಲಯದ ಮಾತಿದು, ಚಿಕಿತ್ಸೆಯಲ್ಲ. ಆದರೂ ಖರ್ಚಿಲ್ಲದ್ದು, ಮಾಡಿ ನೋಡಲು ಅಡ್ಡಿಯಿಲ್ಲ. ತಿಂಗಳು ಕಳೆದರೂ ಆ ದೃಶ್ಯ ನಿದ್ದೆ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು.

ವಿಡಿಯೊ ನೋಡಿದ್ದು ಯೂಟ್ಯೂಬ್‌ನಲ್ಲಾದರೆ ಅದೇ ದಿನ ಹಿಸ್ಟರಿಗೆ ಹೋಗಿ ಆ ವಿಡಿಯೊವನ್ನು ಅಳಿಸಿ, ಹುಡುಕಿದ ಪದವಿದ್ದರೆ ಅದನ್ನೂ ಅಳಿಸಿ. ಶಿಫಾರಸಿನಲ್ಲಿ ಅಂಥದ್ದೇ ಮತ್ತೆ ಬಂದರೆ ಮೂರು ಚುಕ್ಕೆ ಒತ್ತಿ ‘ನಾಟ್ ಇಂಟರೆಸ್ಟೆಡ್’ ಕೊಡಿ. ಕೋಪದ ಕಾಮೆಂಟ್ ಬರೆಯಲು, ಎಷ್ಟು ಕೆಟ್ಟದ್ದೆಂದು ತೋರಿಸಲು ಸ್ನೇಹಿತರಿಗೆ ಕಳಿಸಲು ಹೋಗಬೇಡಿ. ಕೋಪದಿಂದ ಬರೆದದ್ದೋ ಮೆಚ್ಚಿ ಬರೆದದ್ದೋ, ಶಿಫಾರಸು ಮಾಡುವ ಯಂತ್ರ ಎರಡನ್ನೂ ಆಸಕ್ತಿಯೆಂದೇ ಎಣಿಸುವ ಸಂಭವ ಹೆಚ್ಚು.